ಇಳಕಲ್ ಸೀರೆ ಇನ್‌ಸ್ಟಾದಲ್ಲೋ, ಯೂಟ್ಯೂಬ್‌ನಲ್ಲೋ?

ಇಳಕಲ್ಲಿನ ಸೀರೆ ಅಂಗಡಿಯೊಂದು ಆನ್‌ಲೈನ್ ವ್ಯಾಪಾರಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಮೊದಲ ದಿನವೇ ಐದಾರು ಕಡೆ ಖಾತೆ ತೆರೆದು, ಮೂರನೇ ವಾರಕ್ಕೆ ಎಲ್ಲವನ್ನೂ ಕೈಬಿಡುವವರೇ ಹೆಚ್ಚು. ಜನ ಎಲ್ಲಿ ಜಾಸ್ತಿ ಇದ್ದಾರೆ ಎಂದಷ್ಟೇ ನೋಡಿದರೆ ಹೀಗಾಗುತ್ತದೆ. ಆ ಜಾಲತಾಣ ನಿಮ್ಮ ಪೋಸ್ಟನ್ನು ಯಾರ ಮುಂದೆ, ಯಾವ ಲೆಕ್ಕದಲ್ಲಿ ಇಡುತ್ತದೆ ಎಂಬುದನ್ನು ನೋಡಬೇಕು.

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು. ರೀಲ್ಸ್ ನಿಮ್ಮನ್ನು ಫಾಲೋ ಮಾಡದವರಿಗೂ ಧಾರಾಳವಾಗಿ ತೋರಿಸುತ್ತದೆ. ಎಷ್ಟು ಹೊತ್ತು ನೋಡಿದರು, ಬೇರೆಯವರಿಗೆ ಕಳಿಸಿದರೇ ಎಂಬುದರ ಮೇಲೆ ಮುಂದೆ ಯಾರಿಗೆ ತೋರಿಸಬೇಕೆಂದು ಅಂದಾಜು ಕಟ್ಟುತ್ತದೆ. ಹಾಗಾಗಿ ಅಂಗಡಿ ಬೋರ್ಡಿನಿಂದ ವಿಡಿಯೊ ಶುರುಮಾಡಬೇಡಿ. ಮೊದಲ ಎರಡು ಸೆಕೆಂಡಿನಲ್ಲೇ ಕೆಂಪು-ಬಿಳಿಯ ಟೋಪ್ ತೆನಿ ಸೆರಗು ಬಿಚ್ಚಿಕೊಳ್ಳಲಿ.

ಯೂಟ್ಯೂಬ್‌ಗೆ ಜನ ಹುಡುಕಿಕೊಂಡೂ ಬರುತ್ತಾರೆ. ಸೀರೆಯ ಒಡಲಿನ ಉದ್ದೆಳೆಗಳನ್ನು (ಹಾಸು) ಸೆರಗಿನ ಉದ್ದೆಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದು ಇಳಕಲ್ ನೇಯ್ಗೆಯ ಗುರುತು. ಅದನ್ನು ಮಗ್ಗದ ಪಕ್ಕ ನಿಂತು ನಿಧಾನವಾಗಿ ತೋರಿಸಿ, 'ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ' ಎಂದು ಕೊಳ್ಳುವವರು ಟೈಪ್ ಮಾಡುವ ಮಾತನ್ನೇ ಶೀರ್ಷಿಕೆಯಾಗಿಡಿ. ಎರಡು ವರ್ಷದ ಮೇಲೂ ಅದು ಹುಡುಕಾಟದಲ್ಲಿ ಸಿಗಬಹುದು. ರೀಲಿಗೆ ಅಷ್ಟು ಆಯಸ್ಸು ಅಪರೂಪ.

ಹಳೇ ಗಿರಾಕಿಗೆ ವಾಟ್ಸಾಪ್ ಬಿಸಿನೆಸ್. ಕ್ಯಾಟಲಾಗಿನಲ್ಲಿ 500 ಸೀರೆಗಳವರೆಗೆ ಹಾಕಬಹುದು. 6, 8, 9 ಗಜ ಎಂದು ಉದ್ದ ಬರೆಯಲು ಮರೆಯಬೇಡಿ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರವರೆಗೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಆ ಸಂದೇಶ ಮುಟ್ಟುತ್ತದೆ. ಬಿಲ್ ಬರೆಯುವಾಗಲೇ ಸೇವ್ ಮಾಡಿಸಿಬಿಡಿ.

ಲಿಂಕ್ಡ್‌ಇನ್ ಈ ಅಂಗಡಿಗೆ ಬೇಡ. ಕಂಪನಿಗಳಿಗೆ ಬಿಡಿಭಾಗ ಮಾರುವ ಪೀಣ್ಯದ ವರ್ಕ್‌ಶಾಪಿಗಾದರೆ ಅದೇ ಮೊದಲು. ಬಾದಾಮಿ, ಐಹೊಳೆ ನೋಡಲು ಬಂದವರು ಅಂಗಡಿ ಹುಡುಕುವುದು ಗೂಗಲ್ ಮ್ಯಾಪ್‌ನಲ್ಲಿ. ಅದು ಸೋಷಿಯಲ್ ಮೀಡಿಯಾ ಅಲ್ಲ, ನಿಜ. ಆದರೂ ಅಂಗಡಿ ತೆರೆಯುವ ಹೊತ್ತು ಅಲ್ಲಿ ಸರಿಯಾಗಿರಲಿ.

ಎಲ್ಲಿಗೆ ಹೋದರೂ ಕೈಕೊಡುವುದು ಬಣ್ಣ. ಬೆಳಕು ಯಾವುದೆಂದು ಫೋನಿನ ಕ್ಯಾಮೆರಾಗೆ ಗೊತ್ತಿರುವುದಿಲ್ಲ, ಊಹಿಸುತ್ತದೆ. ಗಿರಿ ಕುಂಕುಮ ಬಣ್ಣದ ಒಡಲು ಇಡೀ ಚೌಕಟ್ಟನ್ನು ತುಂಬಿದರೆ ಕೆಂಪೆಲ್ಲ ಬೆಳಕಿನದೇ ಎಂದು ತಪ್ಪು ತಿಳಿದು ಅದನ್ನು ಇಳಿಸಿಬಿಡಬಹುದು. ಸೀರೆ ಪೇಲವವಾಗಿ ಕಾಣುತ್ತದೆ, 'ಫೋಟೊದಲ್ಲಿ ಬೇರೆ ಇತ್ತು' ಎಂದು ಪಾರ್ಸಲ್ ವಾಪಸ್. ಟ್ಯೂಬ್‌ಲೈಟ್ ಆರಿಸಿ, ಬಿಸಿಲು ನೇರ ಬೀಳದ ಬಾಗಿಲ ಹತ್ತಿರ ಸೀರೆ ಹರಡಿ, ಪಕ್ಕದಲ್ಲಿ ಬಿಳಿ ಪಂಚೆಯೊಂದು ಕಾಣುವಂತೆ ಇಡಿ. ಪಂಚೆ ಬಿಳಿಯಾಗೇ ಬಂದರೆ ಸೀರೆಯ ಬಣ್ಣವೂ ಹತ್ತಿರ ಹತ್ತಿರ ಸರಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಎಚ್‌ಡಿ ಒತ್ತಿ. ಇಲ್ಲದಿದ್ದರೆ ದಡಿಯ ಸಣ್ಣ ಚಿಕ್ಕಿ ವಿನ್ಯಾಸ ಕಲಸಿಹೋಗುತ್ತದೆ.

ಎರಡೇ ಕಡೆ ಎಂಟು ವಾರ ನಡೆಸಿ. ಪ್ರತಿ ಜಾಲತಾಣದ ಪ್ರೊಫೈಲಿನಲ್ಲೂ ವಾಟ್ಸಾಪ್‌ನ ನೇರ ಲಿಂಕ್ ಇರಲಿ, ಅದರೊಳಗೆ ಮೊದಲೇ ತುಂಬಿದ ಸಾಲು ಬೇರೆ ಬೇರೆ ಇರಲಿ: ಒಂದರಲ್ಲಿ 'ರೀಲ್ ನೋಡಿ ಬಂದೆ', ಇನ್ನೊಂದರಲ್ಲಿ 'ಯೂಟ್ಯೂಬ್ ನೋಡಿ ಬಂದೆ'. ಬಂದ ಸಂದೇಶಗಳಿಗೆ ಆಯಾ ಲೇಬಲ್ ಹಚ್ಚಿ. ಲೈಕ್ ಎಣಿಸಬೇಡಿ, ಲೇಬಲ್ಲಿನಡಿ ಎಷ್ಟು ಸೀರೆ ಹೋಯಿತೆಂದು ಎಣಿಸಿ. ಸೋತ ಖಾತೆಯನ್ನು ಅಳಿಸುವುದು ಬೇಡ. ಅಂಗಡಿ ಹೆಸರನ್ನು ಬೇರೆಯವರು ಹಿಡಿದುಕೊಳ್ಳಬಹುದು. ಫೋನ್ ನಂಬರಿರುವ ಒಂದು ಪೋಸ್ಟ್ ಅಥವಾ ವಿಡಿಯೊ ಮೇಲೆಯೇ ಕಾಣುವಂತೆ ಇಟ್ಟು ಬಿಟ್ಟುಬಿಡಿ.