ಪಿಟಿ-100 ಸೆನ್ಸರನ್ನು ನೇರವಾಗಿ ಪಿಎಲ್‌ಸಿಗೆ ಕೊಡಬಹುದಾ?

ಪ್ರಶ್ನೆ: ಕಾರಟಗಿಯ ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಡ್ರೈಯರ್‌ಗೆ ಹೋಗುವ ಬಿಸಿಗಾಳಿಯ ಟೆಂಪರೇಚರ್ ನೋಡಿಕೊಂಡು, ಒಲೆಗೆ ಹೊಟ್ಟು ಸುರಿಯುವ ಫೀಡರ್ ಆನ್-ಆಫ್ ಮಾಡಲು ಸೀಮೆನ್ಸ್ ಎಸ್7-1200 ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಹಾಕಿದ್ದೇವೆ. ಮೂರು ತಂತಿಯ ಪಿಟಿ-100 ಸೆನ್ಸರ್ ತಂದು ಅದರ ಅನಲಾಗ್ ಇನ್‌ಪುಟ್‌ಗೆ ಕೊಟ್ಟರೆ ಏನೇನೋ ನಂಬರ್ ಬರುತ್ತಿದೆ. ಸೆನ್ಸರ್ ಕೆಟ್ಟಿದೆಯಾ, ಪಿಎಲ್‌ಸಿ ಕೆಟ್ಟಿದೆಯಾ?

ಉತ್ತರ: ಹೆಚ್ಚಾಗಿ ಎರಡೂ ಚೆನ್ನಾಗಿಯೇ ಇವೆ. ನಡುವೆ ಇರಬೇಕಾದ ಒಂದು ಸಾಮಾನು ಇಲ್ಲ, ಅಷ್ಟೇ.

ನಿಮ್ಮ ಪಿಎಲ್‌ಸಿಯ ಇನ್‌ಪುಟ್‌ಗೆ ಗೊತ್ತಾಗುವುದು 0ಯಿಂದ 10 ವೋಲ್ಟ್ ಮಾತ್ರ. ಪಿಟಿ-100 ವೋಲ್ಟ್ ಕೊಡುವುದೇ ಇಲ್ಲ. ಅದು ಬರೀ ಒಂದು ಪ್ಲಾಟಿನಂ ರೆಸಿಸ್ಟರ್. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಒಂದು ಡಿಗ್ರಿಗೆ ಹೆಚ್ಚುಕಡಿಮೆ 0.385 ಓಮ್ ಏರುತ್ತದೆ. ಅದನ್ನು ಸುಮ್ನೆ ವೋಲ್ಟ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಪಿಎಲ್‌ಸಿ ಓದುವುದು ತಂತಿ ಹಿಡಿದ ಗದ್ದಲವನ್ನು. ಪಕ್ಕದ ಬ್ಲೋವರ್ ಚಾಲೂ ಆದಾಗ ನಂಬರ್ ಕುಣಿಯುತ್ತದೆ ಅಲ್ವಾ? ಅದಕ್ಕೇ.

ಸೆನ್ಸರ್ ಸರಿ ಇದೆಯಾ ಎಂದು ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. ಪಿಎಲ್‌ಸಿಯಿಂದ ಬಿಚ್ಚಿ, ಓಮ್‌ನಲ್ಲಿ ಇಟ್ಟು ಅಳೆಯಿರಿ. ಮೂರು ತಂತಿಯಲ್ಲಿ ಒಂದೇ ಬಣ್ಣದ ಎರಡು ಇರುತ್ತವೆ, ಸಾಮಾನ್ಯವಾಗಿ ಕೆಂಪು. ಅವೆರಡರ ನಡುವೆ ಹತ್ತಿರ ಹತ್ತಿರ ಸೊನ್ನೆ ಬರಬೇಕು. ಕೆಂಪು ಮತ್ತು ಬಿಳಿಯ ನಡುವೆ ಸೆನ್ಸರ್‌ನ ಓಮ್. ನಮ್ಮ ಕಡೆಯ 35 ಡಿಗ್ರಿ ನೆರಳಿನಲ್ಲಿ ಅದು 113.6 ಓಮ್, 40 ಡಿಗ್ರಿಯಲ್ಲಿ 115.5. ಇದರ ಆಸುಪಾಸು ಬಂದರೆ ಸೆನ್ಸರ್ ಮೇಲೆ ಅನುಮಾನ ಬೇಡ.

ಈಗ ದಾರಿ ಎರಡು. ಒಂದು, ಆರ್‌ಟಿಡಿ ಮಾಡ್ಯೂಲ್, ಅಂದರೆ ಪಿಟಿ-100ರಂಥ ಸೆನ್ಸರ್‌ನ ಓಮನ್ನು ಓದಲೆಂದೇ ಪಿಎಲ್‌ಸಿಗೆ ಸೇರಿಸುವ ಘಟಕ. ಎಸ್7-1200ಗೆ ಎಸ್‌ಎಂ 1231 ಆರ್‌ಟಿಡಿ, ಬೇರೆ ಪಿಎಲ್‌ಸಿಗಳಾದ ಡೆಲ್ಟಾ ಡಿವಿಪಿಗೆ 04ಪಿಟಿ, ಸೀಮೆನ್ಸ್ ಲೋಗೋಗೆ ಎಎಂ2 ಆರ್‌ಟಿಡಿ. ಮೂರೂ ತಂತಿಯನ್ನು ಅದಕ್ಕೆ ಕೊಟ್ಟರೆ ನೇರವಾಗಿ ಡಿಗ್ರಿಯೇ ಬರುತ್ತದೆ. ಇನ್ನೊಂದು, ಸೆನ್ಸರ್‌ನ ತಲೆಯ ಡಬ್ಬಿಯೊಳಗೇ ಕೂರುವ ದುಂಡನೆಯ ಟ್ರಾನ್ಸ್‌ಮಿಟರ್. ಅದು ಓಮನ್ನು 4ರಿಂದ 20 ಮಿಲಿಆಂಪ್ ಮಾಡಿ ಕಳಿಸುತ್ತದೆ.

ರೈಸ್ ಮಿಲ್ಲಿಗೆ ನನ್ನ ಮತ ಟ್ರಾನ್ಸ್‌ಮಿಟರ್‌ಗೆ. ಯಾಕೆಂದರೆ ಡ್ರೈಯರ್ ಒಂದು ಕಡೆ, ಪ್ಯಾನೆಲ್ ಇನ್ನೊಂದು ಕಡೆ. ನಡುವೆ 30 ಮೀಟರ್ ಅರ್ಧ ಸ್ಕ್ವೇರ್ ಎಂಎಂ ವೈರ್ ಎಳೆದಿದ್ದೀರಿ ಎಂದುಕೊಳ್ಳಿ. ಹೋಗಿ ಬರುವ 60 ಮೀಟರಿಗೆ ಎರಡು ಓಮ್‌ಗಿಂತ ಸ್ವಲ್ಪ ಜಾಸ್ತಿ. ಎರಡೇ ತಂತಿ ಬಳಸಿದರೆ ಡಿಸ್‌ಪ್ಲೇ ಐದಾರು ಡಿಗ್ರಿ ಹೆಚ್ಚು ತೋರಿಸುತ್ತದೆ. ಮೂರನೇ ತಂತಿ ಇರುವುದೇ ಈ ತಪ್ಪನ್ನು ಕಳೆಯಲು. ಆದರೆ ಮೂರೂ ಒಂದೇ ದಪ್ಪ, ಒಂದೇ ಉದ್ದ ಇರಬೇಕು. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಧೂಳು, ಹಬೆ ಹಿಡಿದು ಸಡಿಲಾದರೆ ಆ ಲೆಕ್ಕವೂ ಕೆಡುತ್ತದೆ. ಮಿಲಿಆಂಪ್‌ಗೆ ಈ ಕಾಟ ಇಲ್ಲ. ವೈರ್ 30 ಮೀಟರ್ ಇರಲಿ, 100 ಇರಲಿ, ಲೂಪಿನಲ್ಲಿ ಹರಿಯುವ ಕರೆಂಟ್ ಅಷ್ಟೇ. ಸೆನ್ಸರ್ ನಾಲ್ಕಾರು ಇದ್ದು, ಪ್ಯಾನೆಲ್ ಪಕ್ಕದಲ್ಲೇ ಇದ್ದರೆ ಮಾತ್ರ ಮಾಡ್ಯೂಲ್ ಲಾಭ.

ವೈರಿಂಗ್ ಹೀಗೆ: 24 ವೋಲ್ಟ್ ಪ್ಲಸ್ ಟ್ರಾನ್ಸ್‌ಮಿಟರ್‌ನ ಪ್ಲಸ್‌ಗೆ. ಟ್ರಾನ್ಸ್‌ಮಿಟರ್‌ನ ಮೈನಸ್ ಪಿಎಲ್‌ಸಿಯ ಅನಲಾಗ್ ಇನ್‌ಪುಟ್‌ಗೆ. ಅನಲಾಗ್‌ನ ಕಾಮನ್ ಮತ್ತು 24 ವೋಲ್ಟ್ ಸಪ್ಲೈನ ಮೈನಸ್ ಒಂದಾಗಿರಬೇಕು. ನಿಮ್ಮ ಇನ್‌ಪುಟ್ ವೋಲ್ಟಿನದ್ದಾದ್ದರಿಂದ ಇನ್‌ಪುಟ್ ಮತ್ತು ಕಾಮನ್ ನಡುವೆ 500 ಓಮ್ ರೆಸಿಸ್ಟರ್ ಹಾಕಿ. 4 ಮಿಲಿಆಂಪ್ 2 ವೋಲ್ಟ್ ಆಗುತ್ತದೆ, 20 ಮಿಲಿಆಂಪ್ 10 ವೋಲ್ಟ್. ಸರಿಯಾಗಿ 500 ಓಮ್‌ನದ್ದು ಅಂಗಡಿಯಲ್ಲಿ ಸಿಗದಿದ್ದರೆ ಒಂದು ಪರ್ಸೆಂಟಿನ 1 ಕಿಲೋ ಓಮ್ ಎರಡನ್ನು ಪ್ಯಾರಲಲ್ ಮಾಡಿ. ಐದು ಪರ್ಸೆಂಟಿನ ಅಗ್ಗದ್ದು ಬೇಡ. ರೆಸಿಸ್ಟರ್ ಒಂದು ಪರ್ಸೆಂಟ್ ತಪ್ಪಿದರೇ ಮೇಲ್ತುದಿಯಲ್ಲಿ ಎರಡು ಡಿಗ್ರಿ ಹತ್ತಿರ ತಪ್ಪುತ್ತದೆ.

ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡಿ. ಬ್ಲೋವರ್‌ಗೆ ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಇದ್ದರೆ ಅದರ ಮೋಟಾರ್ ಕೇಬಲ್ ಹೋಗುವ ಟ್ರೇನಲ್ಲಿ ಇದನ್ನು ಹಾಸಬೇಡಿ.

ಪ್ರೋಗ್ರಾಂನಲ್ಲಿ 10 ವೋಲ್ಟ್ ಎಂದರೆ 27648, 2 ವೋಲ್ಟ್ ಎಂದರೆ 5530. ಟ್ರಾನ್ಸ್‌ಮಿಟರ್ 0-150 ಡಿಗ್ರಿಯದ್ದಾದರೆ ಲೆಕ್ಕ ಇಷ್ಟು: ಬಂದ ನಂಬರಿನಿಂದ 5530 ಕಳೆದು, 150ರಿಂದ ಗುಣಿಸಿ, 22118ರಿಂದ ಭಾಗಿಸಿ. 16589 ಬಂದರೆ 75 ಡಿಗ್ರಿ. ಇದನ್ನು ರಿಯಲ್‌ನಲ್ಲೇ, ಅಂದರೆ ದಶಮಾಂಶ ಸಂಖ್ಯೆಯ ಮಾದರಿಯಲ್ಲೇ ಮಾಡಿ. 16 ಬಿಟ್ ಇಂಟಿಜರ್‌ನಲ್ಲಿ 32767 ದಾಟಿದರೆ ಗುಣಾಕಾರ ಕೆಟ್ಟುಹೋಗುತ್ತದೆ, ಆಮೇಲೆ ವೈರಿಂಗ್ ತಪ್ಪೆಂದು ದಿನಗಟ್ಟಲೆ ಹುಡುಕುತ್ತೀರಿ.

ಎಲ್ಲರೂ ಮರೆಯುವುದು ಮುಂದಿನದನ್ನು. ಇಲಿ ಕೇಬಲ್ ಕಡಿಯಿತು ಎಂದುಕೊಳ್ಳಿ. ಮಿಲ್ಲಿನಲ್ಲಿ ಇಲಿಗೇನು ಬರ? ಕರೆಂಟ್ ಸೊನ್ನೆ, ನಂಬರ್ ಸೊನ್ನೆ, ಲೆಕ್ಕದಲ್ಲಿ ಮೈನಸ್ 37.5 ಡಿಗ್ರಿ. ಪಿಎಲ್‌ಸಿಗೆ ಗಾಳಿ ತಣ್ಣಗಾಗಿದೆ ಎಂದೇ ಅರ್ಥ. ಫೀಡರ್ ನಿಲ್ಲದೆ ಹೊಟ್ಟು ಸುರಿಯುತ್ತದೆ, ಭತ್ತ ಸೀದುಹೋಗುತ್ತದೆ, ಅದಕ್ಕಿಂತ ಕೆಟ್ಟದ್ದೂ ಆಗಬಹುದು. 4 ಮಿಲಿಆಂಪ್‌ನಿಂದ ಶುರು ಮಾಡುವ ಪದ್ಧತಿಯ ದೊಡ್ಡ ಉಪಯೋಗ ಇಲ್ಲೇ ಇದೆ. ಸೆನ್ಸರ್ ನೆಟ್ಟಗಿದ್ದಾಗ ಕರೆಂಟ್ ಸೊನ್ನೆಗೆ ಬರುವುದೇ ಇಲ್ಲ. 3.6 ಮಿಲಿಆಂಪ್‌ಗಿಂತ, ಅಂದರೆ ನಂಬರಿನಲ್ಲಿ 4977ಕ್ಕಿಂತ ಕೆಳಗಿಳಿದರೆ ಫೀಡರ್ ಬಂದ್ ಆಗಿ ಅಲಾರಂ ಹೊಡೆಯುವಂತೆ ಒಂದು ಸಾಲು ಬರೆಯಿರಿ. ಟ್ರಾನ್ಸ್‌ಮಿಟರ್‌ಗೆ ಕೊಟ್ಟಿರುವ ಪಿಟಿ-100 ಕಟ್ಟಾದಾಗ ಕರೆಂಟ್ ಮೇಲೆ ಹೋಗುವ ಮಾದರಿಗಳೂ ಇವೆ. ಹಾಗಾಗಿ 21 ಮಿಲಿಆಂಪ್‌ಗೂ ಇನ್ನೊಂದು ಸಾಲು ಇರಲಿ.

ಹೊಟ್ಟಿನ ಒಲೆಯೊಳಗಿನ ಬಿಸಿ ಅಳೆಯುವುದಿದ್ದರೆ ಪಿಟಿ-100 ಅಲ್ಲ, ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದ ಸೆನ್ಸರ್) ಬೇಕು. ಅದಕ್ಕೆ ಮಾಮೂಲಿ ತಾಮ್ರದ ವೈರ್ ಹಾಕಬೇಡಿ, ಕೆ ಟೈಪಿನದ್ದೇ ಕೇಬಲ್ ಹಾಕಿ. ಒಲೆಯ ಗೋಡೆಯ ಬಳಿ ಡಬ್ಬಿ 70 ಡಿಗ್ರಿ ಕಾದಿದ್ದು ಪ್ಯಾನೆಲ್ 40 ಇದ್ದರೆ ತಾಮ್ರದ ವೈರಿನಿಂದ 30 ಡಿಗ್ರಿ ಕಡಿಮೆ ತೋರಿಸುತ್ತದೆ. ಅಮೆರಿಕದ ಬಣ್ಣದ ಪದ್ಧತಿಯ ಕೇಬಲ್ ಆದರೆ ಕೆಂಪು ತಂತಿ ಮೈನಸ್. ಕೆಂಪು ಕಂಡ ಕೂಡಲೇ ಪ್ಲಸ್‌ಗೆ ಕೊಡುವ ಕೈ ನಮ್ಮದು, ಜೋಪಾನ.

ಎಲ್ಲಾ ಆದ ಮೇಲೆ ಪಿಟಿ-100 ಸೆನ್ಸರನ್ನು ಕುಟ್ಟಿದ ಐಸ್ ತುಂಬಿದ ನೀರಿನಲ್ಲಿ ಅದ್ದಿ ನೋಡಿ, 0 ಬರಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಎಂದು ಸೆನ್ಸರ್ ವಾಪಸ್ ಕೊಡಲು ಹೋಗಬೇಡಿ. ಗಂಗಾವತಿ, ರಾಯಚೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರ. ಇಲ್ಲಿ ನೀರು ಕುದಿಯುವುದೇ 98.6ರ ಆಸುಪಾಸಿನಲ್ಲಿ. ಟ್ರಾನ್ಸ್‌ಮಿಟರ್ ಕೊಳ್ಳುವಾಗ ಪಿಟಿ-100, ಮೂರು ತಂತಿ, 0-150 ಡಿಗ್ರಿ ಎಂದು ಬಾಯಿಬಿಟ್ಟು ಹೇಳಿ. ಈಗಿರುವ ಸೆನ್ಸರ್ ಬದಲಿಸಬೇಕಿಲ್ಲ. ಡಬ್ಬಿಯೊಳಗಿನ ಟರ್ಮಿನಲ್ ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸಿದರಾಯಿತು.