ಹೆಸರು ಬರೆಯೋಕೆ ಜಾಗ ಎಲ್ಲಿದೆ?

ಕನ್ನಡ ವಿಕಿಪೀಡಿಯದಲ್ಲಿ ಟೈಪ್ ಮಾಡಲು ಕೀಲಿಮಣೆ ಆರಿಸುವ ಪಟ್ಟಿ ತೆರೆದರೆ ಒಂದು ಉದ್ದದ ಹೆಸರು ಸಿಗುತ್ತದೆ: ‘ಕೆಜಿಪಿ/ನುಡಿ/ಕೆಪಿ ರಾವ್’. ಮೂರೂ ಒಂದೇ ವಿನ್ಯಾಸ. ಮೊದಲನೆಯದು ಕನ್ನಡ ಗಣಕ ಪರಿಷತ್ತು, ಎರಡನೆಯದು ಪರಿಷತ್ತಿನ ತಂತ್ರಾಂಶ, ಮೂರನೆಯದು ವಿನ್ಯಾಸ ಮಾಡಿದ ಕೆ.ಪಿ. ರಾವ್. ಅದನ್ನೇ ಲಿನಕ್ಸ್ ಅನ್ನುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ, ಪರಿಷತ್ತಿನ ಕಿರುಹೆಸರು ‘ಕಗಪ’ ಅಂತ ಮಾತ್ರ ಇದೆ. ರಾಯರು ಕಾಣುವುದಿಲ್ಲ.

ಇದರಲ್ಲಿ ಯಾರದೋ ಕುತಂತ್ರ ಹುಡುಕಬೇಕಿಲ್ಲ. ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲಿ ಯಾರ ಹೆಸರು ಉಳಿಯುತ್ತದೆ ಅನ್ನುವುದನ್ನು ಎಷ್ಟೋ ಸಲ ಮನುಷ್ಯರಿಗಿಂತ ಜಾಸ್ತಿ ಸಲಕರಣೆಗಳೇ ತೀರ್ಮಾನ ಮಾಡಿವೆ.

1994ರಲ್ಲಿ ಲಿನಕ್ಸ್ 1.0 ಬಂದಾಗ ಅದರ ಜೊತೆ ‘ಕ್ರೆಡಿಟ್ಸ್’ ಅನ್ನುವ ಕಡತವಿತ್ತು. ಒಬ್ಬೊಬ್ಬರಿಗೂ ನಾಲ್ಕಾರು ಸಾಲು: ಹೆಸರು, ಇಮೇಲ್, ಮಾಡಿದ ಕೆಲಸ, ಕೊನೆಗೆ ಅಂಚೆ ವಿಳಾಸ. ಹೌದು, ಮನೆಗೆ ಕಾಗದ ಬರೆಯಬಹುದಾದ ವಿಳಾಸ! ಇದು ಪೂರ್ತಿ ಪಟ್ಟಿಯಲ್ಲ ಅಂತ ಕಡತದ ಆರಂಭದಲ್ಲೇ ಒಪ್ಪಿಕೊಂಡಿದ್ದರು.

ಬರ್ಕ್ಲಿ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದಿದ್ದರು. ತಮ್ಮ ಬಿಎಸ್‌ಡಿ ಅನ್ನುವ ಕಾರ್ಯಾಚರಣೆ ವ್ಯವಸ್ಥೆಯ ಬಗ್ಗೆ ಜಾಹೀರಾತು ಕೊಡುವವರು ಅದರಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಲೇಬೇಕು ಅಂತ ಲೈಸೆನ್ಸಿನಲ್ಲೇ ಬರೆದರು. ಉಳಿದವರು ಸುಮ್ನಿರ್ತಾರಾ? ಅದೇ ವಾಕ್ಯಕ್ಕೆ ತಮ್ಮ ತಮ್ಮ ಹೆಸರು ಸೇರಿಸಿಕೊಂಡರು. ಬಿಎಸ್‌ಡಿಯಿಂದ ಹುಟ್ಟಿದ ನೆಟ್‌ಬಿಎಸ್‌ಡಿಯ 1997ರ ಆವೃತ್ತಿಯೊಂದರಲ್ಲಿ, ಮುಕ್ತ ತಂತ್ರಾಂಶ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್ಮನ್ ಎಣಿಸಿದಾಗ ಇಂಥ 75 ವಾಕ್ಯ ಸಿಕ್ಕವು. ಇವನ್ನೆಲ್ಲ ಹಾಕಲು ಪೂರ್ತಿ ಪುಟದ ಜಾಹೀರಾತೇ ಬೇಕಾಗುತ್ತಿತ್ತು. 1999ರಲ್ಲಿ ವಿಶ್ವವಿದ್ಯಾಲಯ ಈ ಷರತ್ತು ಕೈಬಿಟ್ಟಿತು.

ಆದರೆ ನಿಜವಾದ ನಷ್ಟ ಆಗುತ್ತಿದ್ದದ್ದು ದಿನನಿತ್ಯದ ಕೆಲಸದಲ್ಲಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುತ್ತಿದ್ದ ಆ ಕಾಲದ ತಂತ್ರಾಂಶ ಸಿವಿಎಸ್‌ನಲ್ಲಿ ಪ್ರತಿ ಬದಲಾವಣೆಗೂ ಒಂದೇ ಹೆಸರು ದಾಖಲಾಗುತ್ತಿತ್ತು, ಅದೂ ಒಳಗೆ ಸೇರಿಸಿದವರದು. ಹೊರಗಿನವರೊಬ್ಬರು ರಾತ್ರಿಯೆಲ್ಲ ಕೂತು ಪ್ಯಾಚ್ (ಕೋಡಿನ ತಿದ್ದುಪಡಿ) ಬರೆದು ಕಳಿಸಿದರೂ, ಬೀಗದ ಕೈ ಇದ್ದವರ ಹೆಸರೇ ಇತಿಹಾಸಕ್ಕೆ ಹೋಗುತ್ತಿತ್ತು. ಬರೆದವರ ಹೆಸರನ್ನು ಅವರು ನೆನಪಿಟ್ಟು ಟಿಪ್ಪಣಿಯಲ್ಲಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

2005ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಇದೇ ಕೆಲಸಕ್ಕೆ ಗಿಟ್ ಅನ್ನುವ ಹೊಸ ಸಲಕರಣೆ ಬರೆದಾಗ ಅದರಲ್ಲಿ ಎರಡು ಜಾಗ ಇಟ್ಟರು. ಬರೆದವರಿಗೊಂದು, ಸೇರಿಸಿದವರಿಗೊಂದು. ಇಷ್ಟೇ. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಯಾರ ಒಳ್ಳೆಯತನವನ್ನೂ ನಂಬಿ ಕೂರಬೇಕಾಗಿಲ್ಲ, ಅಲ್ವಾ?

ಆದರೂ ಐಡಿಯಾ ಕೊಟ್ಟವರಿಗೆ ಜಾಗ ಇರಲಿಲ್ಲ. 2007ರಲ್ಲಿ ಇದು ಎದ್ದು ಕಂಡಿತು. ಕಾನ್ ಕೊಲಿವಾಸ್ ಆಸ್ಟ್ರೇಲಿಯದ ಅರಿವಳಿಕೆ ವೈದ್ಯರು. ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಪ್ರೊಸೆಸರ್ ಸಮಯವನ್ನು ಎಲ್ಲ ಪ್ರೋಗ್ರಾಂಗಳಿಗೂ ಸಮನಾಗಿ ಹಂಚುವ ವಿಧಾನಕ್ಕಾಗಿ ವರ್ಷಗಟ್ಟಲೆ ವಾದ ಮಾಡಿದ್ದರು. ಆಮೇಲೆ ಲಿನಕ್ಸ್ ಒಪ್ಪಿಕೊಂಡದ್ದು ಅದೇ ದಾರಿಯನ್ನು, ಆದರೆ ಲಿನಕ್ಸ್‌ನ ಇನ್ನೊಬ್ಬ ಪ್ರೋಗ್ರಾಮರ್ ಇಂಗೊ ಮೊಲ್ನಾರ್ ಹೊಸದಾಗಿ ಬರೆದ ಕೋಡನ್ನು. ಮೊಲ್ನಾರ್ ಕದ್ದುಮುಚ್ಚಿ ಏನೂ ಮಾಡಲಿಲ್ಲ. ಮೊದಲ ಪ್ರಕಟಣೆಯಲ್ಲೇ ಕಾನ್ ಅವರಿಗೆ ಶ್ರೇಯ ಕೊಟ್ಟರು. ‘ಕಾನ್ ಕೊಲಿವಾಸ್ ಅವರ ನ್ಯಾಯಯುತ ಹಂಚಿಕೆಯ ವಿನ್ಯಾಸ’ ಅನ್ನುವ ಅರ್ಥದ ಒಂದು ಸಾಲು ಕೋಡ್ ಕಡತದ ತಲೆಯಲ್ಲೂ ಬಂತು. ಅದೇ ವರ್ಷ ಕಾನ್ ಬೇಸತ್ತು ಲಿನಕ್ಸ್ ಕೆಲಸ ನಿಲ್ಲಿಸಿದರು.

ದೋಷ ತೋರಿಸಿದವರಿಗೆ, ಪರೀಕ್ಷೆ ಮಾಡಿದವರಿಗೆ ಅಂತ ಒಂದೊಂದು ಸಾಲು ಬರೆಯುವ ರೂಢಿ ಲಿನಕ್ಸ್‌ನಲ್ಲಿ ಬೆಳೆಯಿತು. 2018ರಲ್ಲಿ, ಗಿಟ್ ಬಳಸಿ ಕೋಡ್ ಇಡುವ ಜಾಲತಾಣ ಗಿಟ್‌ಹಬ್ ಸಹಲೇಖಕರನ್ನೂ ತೋರಿಸತೊಡಗಿತು. ಅಷ್ಟರಲ್ಲಿ ಹೆಸರು ಅನ್ನುವುದು ರೆಸ್ಯೂಮೆಯ ಸರಕಾಗಿತ್ತು. ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಿ ಅಂತ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರ ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರೆ ಟೀಶರ್ಟ್ ಸಿಗುತ್ತಿತ್ತು. ಕಂಡಕಂಡ ಪ್ರಾಜೆಕ್ಟ್‌ಗಳಿಗೆ ‘ಅಮೇಝಿಂಗ್ ಪ್ರಾಜೆಕ್ಟ್’ ಅಂತ ಎರಡು ಪದ ಸೇರಿಸಿ ಕಳಿಸಿದವರ ಸಾಲಿನಲ್ಲಿ ನಮ್ಮ ದೇಶದ ಹುಡುಗರೂ ಬೇಕಾದಷ್ಟು ಮಂದಿ ಇದ್ದರು. ಆಟದ ನಡುವೆಯೇ ನಿಯಮ ಬದಲಿಸಬೇಕಾಯಿತು.

ಕೋಡ್ ಬರೆಯದವರ ಪಾಡು ಇನ್ನೂ ಬೇರೆ. ಲಿನಕ್ಸ್‌ನಲ್ಲಿ ಬಳಸುವ ಡೆಸ್ಕ್‌ಟಾಪ್ ಗ್ನೋಮ್‌ನ ಯಾವುದಾದರೂ ತಂತ್ರಾಂಶವನ್ನು ಕನ್ನಡಕ್ಕೆ ಅನುವಾದಿಸಲು ಕೂತರೆ, ನೂರಾರು ಸಾಲುಗಳ ನಡುವೆ ‘ಟ್ರಾನ್ಸ್‌ಲೇಟರ್-ಕ್ರೆಡಿಟ್ಸ್’ ಅಂತ ಒಂದು ಸಾಲು ಎದುರಾಗುತ್ತದೆ. ಅದನ್ನು ಅನುವಾದ ಮಾಡುವಂತಿಲ್ಲ. ಅಲ್ಲಿ ನಿಮ್ಮ ಹೆಸರು ಬರೆಯಬೇಕು, ಹಿಂದೆ ಅನುವಾದಿಸಿದವರ ಹೆಸರು ಇದ್ದರೆ ಅದರ ಕೆಳಗೆ. ಸಂಕೋಚ ಪಟ್ಟು ಖಾಲಿ ಬಿಟ್ಟರೆ, ಬಳಸುವವರಿಗೆ ಅನುವಾದಕರ ಪಟ್ಟಿಯೇ ಕಾಣುವುದಿಲ್ಲ.