ಒಣಗಿದ ಮರದ ಡ್ರಾವರ್ ಮಳೆಗಾಲದಲ್ಲಿ ಹಿಡಿದುಕೊಳ್ಳುವುದೇಕೆ?

ಪ್ರಶ್ನೆ: ಹವ್ಯಾಸಕ್ಕೆಂದು ಮರಗೆಲಸ ಕಲಿಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ಮಾಡಿದ ಸಾಗವಾನಿ ಮೇಜಿನ ಡ್ರಾವರ್ ಆಗ ಒಂದೇ ಬೆರಳಿಗೆ ಜಾರಿ ಬರುತ್ತಿತ್ತು; ಮಳೆ ಹಿಡಿದ ಮೇಲೆ ಮಿಸುಕುತ್ತಿಲ್ಲ. ಸಾಮಿಲ್‌ನವರು ಹಸಿ ಮರ ಕೊಟ್ಟರೇ? (ಸಿಂಧನೂರಿನ ಓದುಗರು)

ಉತ್ತರ: ಹಸಿ ಮರವಾಗಿದ್ದರೆ ಡ್ರಾವರ್ ದಿನ ಕಳೆದಂತೆ ಸಡಿಲವಾಗುತ್ತಿತ್ತೇ ಹೊರತು ಬಿಗಿಯಾಗುತ್ತಿರಲಿಲ್ಲ. ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ, ಅದರ ಹಿಂದೆ ಒಂದೇ ನಂಬಿಕೆ ಕೂತಿರುತ್ತದೆ: ನಮ್ಮ ರಾಯಚೂರಿನ ಬಿಸಿಲಿಗೆ ಒಮ್ಮೆ ಒಣಗಿದ ಮರ ಮತ್ತೆ ಉಬ್ಬುವುದಿಲ್ಲ.

ಹಾಗೆನ್ನುವವರು ಎತ್ತಿನ ಬಂಡಿಯ ಗಾಲಿಯನ್ನು ನೆನಪಿಸಿಕೊಳ್ಳಲಿ. ವರ್ಷಗಟ್ಟಲೆ ಒಣಗಿದ ಕಟ್ಟಿಗೆಯದೇ ಆದರೂ ಬೇಸಿಗೆಯಲ್ಲಿ ಅದು ಇನ್ನಷ್ಟು ಕುಗ್ಗಿ, ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲವಾದಾಗ ರೈತರು ಗಾಲಿಯನ್ನು ನೀರಿನಲ್ಲಿ ನಿಲ್ಲಿಸುತ್ತಾರೆ. ಕಟ್ಟಿಗೆ ಉಬ್ಬಿ ಪಟ್ಟಿ ಬಿಗಿಯಾಗುತ್ತದೆ. ಗಾಲಿಗೆ ಒಪ್ಪುವ ಮಾತನ್ನು ಮೇಜಿಗೆ ಬಂದಾಗ ಏಕೆ ಮರೆಯುತ್ತೇವೋ ತಿಳಿಯದು. ಮರ ಎಷ್ಟೇ ಹಳೆಯದಾಗಲಿ, ಸುತ್ತಲಿನ ಗಾಳಿಗೆ ತಕ್ಕಂತೆ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 30 ಇದ್ದರೆ ಮರದ ತೇವ ಸುಮಾರು ಶೇ. 6ಕ್ಕೂ, ಆರ್ದ್ರತೆ ಶೇ. 70 ಇದ್ದರೆ ಸುಮಾರು ಶೇ. 13ಕ್ಕೂ ಬಂದು ನಿಲ್ಲುತ್ತದೆ. ಈ ಹಿಗ್ಗು ಕುಗ್ಗು ನಾರಿನ ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ನಾರಿಗೆ ಅಡ್ಡಲಾಗಿ ಮಾತ್ರ ಕಣ್ಣಿಗೆ ಕಾಣುವಷ್ಟು. ಡ್ರಾವರ್‌ನ ಪಕ್ಕದ ಹಲಗೆಯ ಎತ್ತರವೆಂದರೆ ನಾರಿಗೆ ಅಡ್ಡಲಾದ ಅಳತೆಯೇ. ಆರು ಅಂಗುಲದ ಎತ್ತರದಲ್ಲಿ ಒಂದೆರಡು ಮಿಲಿಮೀಟರ್ ಉಬ್ಬಿದರೆ ಡ್ರಾವರ್ ಕಚ್ಚಿಕೊಳ್ಳದೆ ಇನ್ನೇನು ಮಾಡೀತು? ಸಾಗವಾನಿ ಇತರ ಅನೇಕ ಮರಗಳಿಗಿಂತ ಕಡಿಮೆ ಉಬ್ಬುತ್ತದೆ, ನಿಜ. ಉಬ್ಬುವುದೇ ಇಲ್ಲವೆಂದು ಯಾರೂ ಹೇಳಿಲ್ಲ.

ನಾನೂ ಇದನ್ನು ಕೆಡಿಸಿಯೇ ಕಲಿತವನು. ಮೊದಲು ಮಾಡಿದ ಪೆಟ್ಟಿಗೆಯ ಮುಚ್ಚಳದ ಹಲಗೆಯನ್ನು ಆಗಸ್ಟ್ ತಿಂಗಳಲ್ಲಿ ನಾಲ್ಕೂ ಬದಿಗೆ ಅಂಟು ಹಾಕಿ, ಮೊಳೆ ಹೊಡೆದು ಚೌಕಟ್ಟಿಗೆ ಭದ್ರಪಡಿಸಿದ್ದೆ. ಬೇಸಿಗೆಯ ಒಂದು ರಾತ್ರಿ ಅದು ಟಪ್ಪೆಂದು ಸೀಳಿತು. ಬೆಳಿಗ್ಗೆ ನೋಡಿದರೆ ಬಿರುಕಿನಲ್ಲಿ ಒಂದು ರೂಪಾಯಿಯ ನಾಣ್ಯ ತೂರುತ್ತಿತ್ತು. ಹಳೆಯ ಬಾಗಿಲುಗಳಲ್ಲಿ ಬಡಿಗೇರರು ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಅಂಟಿಲ್ಲದೆ ಸಡಿಲವಾಗಿ ಕೂರಿಸಿರುವುದೇಕೆ ಎಂಬುದು ಅಂದು ಅರ್ಥವಾಯಿತು. ಕಲಿಯಲು ಬಂದವರಿಗೆ ಆ ಪೆಟ್ಟಿಗೆಯನ್ನೇ ಮೊದಲು ತೋರಿಸುತ್ತೇನೆ.

ಈಗ ನಿಮ್ಮ ಡ್ರಾವರ್. ಬಲವಂತದಿಂದ ಎಳೆಯಬೇಡಿ, ಮಳೆ ನಿಂತು ನಾಲ್ಕು ದಿನ ಒಣಹವೆ ಬಂದಾಗ ಹೊರತೆಗೆಯಿರಿ. ಪಕ್ಕದ ಹಲಗೆಗಳ ಮೇಲಂಚಿಗೆ ಸೀಮೆಸುಣ್ಣ ಬಳಿದು ಒಳಗೆ ತಳ್ಳಿ ಎಳೆದರೆ, ತಾಗುವ ಕಡೆ ಸುಣ್ಣ ಅಳಿಸಿರುತ್ತದೆ. ಅಲ್ಲಿ ಮಾತ್ರ ಹತ್ತರಿಯಿಂದ ತೆಳುವಾಗಿ ಕೆತ್ತಿ, ಮೇಣದಬತ್ತಿ ಉಜ್ಜಿ. ಮುಂದಿನ ಡ್ರಾವರನ್ನು ಬೇಸಿಗೆಯಲ್ಲಿ ಮಾಡುವುದಾದರೆ ಮೇಲೆ ಎರಡು ಮಿಲಿಮೀಟರ್ ಸಂದು ಬಿಡಿ. ಮಳೆಗಾಲದಲ್ಲಾದರೆ ಅಷ್ಟು ಬೇಕಿಲ್ಲ.

ವಾರ್ನಿಷ್ ಬಳಿದರೆ ಇದೆಲ್ಲ ತಪ್ಪುವುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅದು ತೇವದ ಓಡಾಟವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿದ ಮೇಲೆ, ಗೋಣಿನಾರು, ಮರದ ಪುಡಿ ಮತ್ತು ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಸಂದುಗಳಿಗೆ ತುಂಬಿ ಬಣ್ಣ ಹಚ್ಚುತ್ತಾರೆ. ಒಂದೆಡೆ ನಿಲ್ಲುವ ಗೊಂಬೆಗೆ ಅದು ಸರಿ. ದಿನವೂ ಎಳೆದು ತಳ್ಳುವ ಡ್ರಾವರ್‌ಗೆ ಮಾತ್ರ ಸಂದು ತೆರೆದೇ ಇರಬೇಕು.